ಫಿರಂಗಿಯ ಹಿನ್ನೊದೆತ

ಫಿರಂಗಿಯ ಬಲವೆಲ್ಲ ನಳಿಗೆಯಲ್ಲಿದೆಯೆಂದು ನಾವು ಭಾವಿಸುವುದುಂಟು. ಆದರೆ ಗುಂಡನ್ನು ಮುಂದಕ್ಕೆಸೆಯುವ ಶಕ್ತಿಯೇ ಫಿರಂಗಿಯನ್ನು ಹಿಂದಕ್ಕೂ ನೂಕುವುದಷ್ಟೆ. ಅದನ್ನು ತಾಳತಕ್ಕದ್ದು ಕೆಳಗಣ ಗಾಡಿ. 1940ರಲ್ಲಿ ಫ್ರಾನ್ಸಿನಲ್ಲಿ ಅನೇಕ ಫಿರಂಗಿಗಳನ್ನು ಕಳೆದುಕೊಂಡ ಬ್ರಿಟಿಷರು, ಮೊದಲನೆಯ ಮಹಾಯುದ್ಧದ 8 ಅಂಗುಲದ ಹೊವಿಟ್ಜರ್ ಫಿರಂಗಿಗಳ ಒಳಗೆ ಹೊಸ ಕೊಳವೆಯನ್ನು ಕೂಡಿಸಿ, ಬಾಯಿಯನ್ನು 7.2 ಅಂಗುಲಕ್ಕೆ ಕಿರಿದುಮಾಡಿದರು. 202 ಪೌಂಡಿನ ಗುಂಡು 16,900 ಗಜ ಹೋಗುವಂತಾಯಿತು. ಎಳೆದೊಯ್ಯುವ ಗಾಡಿ ಮಾತ್ರ ಹಳೆಯದೇ. ಚಕ್ರಗಳ ಹಿಂದೆ ದೊಡ್ಡ ಬೆಣೆಗಳನ್ನಿಟ್ಟರೂ, ಅದು ಒಮ್ಮೊಮ್ಮೆ ಅವನ್ನೇರಿ ದಾಟಿ ಹಿಂದಕ್ಕುರುಳುತ್ತಿತ್ತು. ಹಾರಿಸಿದ ಸಿಪಾಯಿಗೇ ಪ್ರಾಣಭಯ! 1944ರಲ್ಲಿ ಅಮೆರಿಕದ ಗಟ್ಟಿ ಗಾಡಿಯ ಮೇಲೆ ಉದ್ದನೆಯ ನಳಿಗೆಯನ್ನು ಕೂರಿಸಿದ ತರುವಾಯ ಈ ಭಯ ಬಹುಮಟ್ಟಿಗೆ ನೀಗಿತು. ಗುಂಡೂ ಸುಮಾರು 19,600 ಗಜ ಮುಟ್ಟಿತು. ಹೊಡೆಯುವ ಬಲಕ್ಕೆ ತಾಳುವ ಬಲವೇ ಮೇರೆಯೆಂಬುದನ್ನು ನಾವಿಲ್ಲಿ ಕಾಣಬಹುದು.