ಊರಿನ ಕಣ್ಣು

ಹುಣಸೂರು ಸೀಮೆಯಲ್ಲಿ ಮಳೆ ಬಿಡುವು ಕೊಟ್ಟಿದೆ. ಹೊಲದಲ್ಲಿ ಹೊಗೆಸೊಪ್ಪು ಎದ್ದು ನಿಂತಿದೆ, ಬ್ಯಾರನ್ನಿನ ಪಕ್ಕ ಸೌದೆ ಒಟ್ಟಿದೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಮನೆ ಮನೆ ಹತ್ತಿಳಿದು ಬರುತ್ತಿದ್ದಾರೆ.

"ಅಕ್ಕಾ, ತೊಟ್ಟಿ ನೋಡ್ಬೇಕಿತ್ತು."

ಹಿತ್ತಿಲಿನ ಸಿಮೆಂಟ್ ತೊಟ್ಟಿಗೆ ಟಾರ್ಚ್ ಬಿಡುತ್ತಾರೆ. ತಿಳಿನೀರಿನಲ್ಲಿ ಕೂದಲೆಳೆಯಷ್ಟು ಸಣ್ಣ ಹುಳುಗಳು ತಲೆಕೆಳಗಾಗಿ ನೇತಾಡುತ್ತಿವೆ. ಬೆಳಕು ಬಿದ್ದದ್ದೇ ತಡ, ಕೊಂಕುತ್ತಾ ತಳಕ್ಕಿಳಿಯುತ್ತವೆ.

"ಕೊಚ್ಚೆ ಅಲ್ಲ ಕಣವ್ವ, ಒಳ್ಳೆ ನೀರು!"

"ಡೆಂಗಿ ಸೊಳ್ಳೆಗೆ ಒಳ್ಳೆ ನೀರೇ ಬೇಕು ಅಕ್ಕಾ. ವಾರ, ಹತ್ತು ದಿನಕ್ಕೆ ರೆಕ್ಕೆ ಬಂದು ಹಾರ್ತವೆ."

ನೀರು ಚೆಲ್ಲಿ, ತೆಂಗಿನ ನಾರಿನಿಂದ ಒಳಗೋಡೆ ಉಜ್ಜುತ್ತಾರೆ. ಮೊಟ್ಟೆ ಅಂಟಿರುವುದು ಅಲ್ಲೇ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಆ ಆದೇಶ ಹಿತ್ತಿಲು ಮುಟ್ಟಿದ್ದು ಇಂಥವರ ಕಾಲ್ನಡಿಗೆಯಲ್ಲೇ.

ರೋಗದ ಸುಳಿವು ಹಿಡಿಯುವುದು ಹಳೇ ಮೈಸೂರಿನ ಹಳ್ಳಿಗಳಿಗೆ ಹೊಸತಲ್ಲ. 1898ರಲ್ಲಿ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ, ಇಲಿ ಸತ್ತು ಬಿತ್ತೆಂದರೆ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು.

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಹಾಗೆ ಸತ್ತು ಬೀಳುವುದು ಮಂಗ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, 2012ರಲ್ಲಿ ಬಂಡೀಪುರದಲ್ಲಿ, ಆಮೇಲೆ ಗಡಿಯಾಚೆಯ ವಯನಾಡಿನಲ್ಲಿ ಕಾಣಿಸಿತು. ಸತ್ತ ಮಂಗನ ಮೈಯಿಂದ ರೋಗ ಹರಡುವ ಉಣ್ಣೆಗಳು ಸುತ್ತಲ ತರಗೆಲೆಗೆ ಇಳಿಯುತ್ತವೆ. ಕಾಡಿನ ದಾರಿಯಲ್ಲಿ ಸತ್ತ ಮಂಗನನ್ನು ಮೊದಲು ಕಾಣುವವರು ಜೇನಿಗೆ, ಸೌದೆಗೆ ಹೋದ ಜೇನುಕುರುಬರು, ಬೆಟ್ಟಕುರುಬರು. ಮುಟ್ಟದೆ, ಹತ್ತಿರ ಸುಳಿಯದೆ ಅವರು ಕೂಡಲೇ ಸುದ್ದಿ ಮುಟ್ಟಿಸಿದರೆ ಅವರ ಊರು, ಇಡೀ ಹಾಡಿ ಉಳಿಯುತ್ತದೆ. ಪ್ರಯೋಗಾಲಯದ ಕೆಲಸ ಆಮೇಲಿನದು.

ಆ ಸುದ್ದಿ ಬರಬೇಕಾದರೆ ನಂಬಿಕೆ ಇರಬೇಕು. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಹಲವು ಹಾಡಿಗಳು ಹೆದರಿ ಹಿಂದೆ ಸರಿದವು. ಜೀಪಿನ ಮೈಕು ಆ ಭಯ ಬಿಡಿಸಲಾರದು. ಹಾಡಿಯ ಯಜಮಾನರು ತಮ್ಮ ನುಡಿಯಲ್ಲಿ ಹೇಳಿದ ಮಾತಿಗೆ ತೂಕವೇ ಬೇರೆ.

ಕೆ.ಆರ್. ನಗರದ ನಾಲೆ ಬಯಲಿರಲಿ, ಪಿರಿಯಾಪಟ್ಟಣದ ತಂಬಾಕು ಸೀಮೆಯಿರಲಿ, ಕೋವಿಡ್ ಕಾಲದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯಪಡೆಗಳು ಎದ್ದಿದ್ದವು. ರೋಗ ಇಳಿಯಿತೆಂದು ಅವನ್ನು ಮಲಗಿಸಬಾರದು. ಮುಂದಿನ ಗ್ರಾಮಸಭೆಗೆ ನೀವೂ ಹೋಗಿ. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಹಾಡಿಯ ಯಜಮಾನರಿಗೆ ಮೊದಲ ಮಾತು ಕೊಡಿಸಿ. ಜ್ವರ ಬಂದ ಮೇಲೆ ಕೂಡುವ ಸಭೆಗಿಂತ ಬರುವ ಮುಂಚೆ ಕೂಡುವ ಸಭೆ ಹೆಚ್ಚು ಜೀವ ಉಳಿಸುತ್ತದೆ.