ಪೈಲ್ವಾನರ ಟವಲು, ಡಿಲಾರ್ಮ್‌ನ ಕಬ್ಬಿಣದ ಜೋಡು

ಮೈಸೂರಿನ ಗರಡಿಯೊಂದರಲ್ಲಿ ಯೌವನವನ್ನೆಲ್ಲ ಸವೆಸಿ, ದಸರೆಯ ಕುಸ್ತಿಯಲ್ಲಿ ಎಷ್ಟೋ ಮಂದಿಯ ಬೆನ್ನಿಗೆ ಮಟ್ಟಿಯ ಮಣ್ಣು ಹತ್ತಿಸಿ, ಬಸ್ಕಿಯನ್ನು ನೂರರ ಲೆಕ್ಕದಲ್ಲಲ್ಲದೆ ಎಣಿಸಿಯೇ ಅರಿಯದ ವೃದ್ಧ ಪೈಲ್ವಾನರೊಬ್ಬರು, ಮಂಡಿಯ ಕೀಲನ್ನು ಬದಲಾಯಿಸಿಕೊಂಡು ಬಂದು, ಫಿಸಿಯೋಥೆರಪಿಯ ಕೊಠಡಿಯ ಮಂಚದ ಮೇಲೆ ಕಾಲು ನೀಡಿ ಕುಳಿತು, ಮೊಣಕಾಲಿನ ಅಡಿಯಲ್ಲಿ ಸುರುಳಿ ಸುತ್ತಿಟ್ಟ ಟವಲೊಂದನ್ನು ಕೆಳಕ್ಕೆ ಒತ್ತಲಾರದೆ ಬೆವರುತ್ತಿದ್ದುದನ್ನು ನಾನು ಪಕ್ಕದ ಮಂಚದಿಂದ ನೋಡಿದೆನು. ನನ್ನದು ಸಣ್ಣ ಶಸ್ತ್ರಕ್ರಿಯೆ. ಹರಿದ ಮೀನಿಸ್ಕಸ್ಸಿನ, ಎಂದರೆ ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿಯ, ಅಂಚನ್ನು ಕತ್ತರಿಸಿದ್ದರು, ಅಷ್ಟೆ.

“ತಾತ, ಉಸಿರು ಕಟ್ಟಬೇಡಿ. ಚಿಪ್ಪು ಮೇಲಕ್ಕೆ ಸರೀಬೇಕು, ನೋಡಿ,” ಎಂದು ಚಿಕಿತ್ಸೆ ನಡೆಸುವ ಹುಡುಗಿ ಚಿಪ್ಪಿನ ಒಳಬದಿಯ ಮೇಲ್ಭಾಗದಲ್ಲಿ ಎರಡು ಬೆರಳನ್ನಿಟ್ಟಳು. ಗಟ್ಟಿಯಾಗಬೇಕಾಗಿದ್ದ ಮಾಂಸ ಒಮ್ಮೆ ಅದುರಿ ಸುಮ್ಮನಾಯಿತು.

“ಏನ್ ತಾಯಿ, ಟವಲ್ ಒತ್ತೋಕೂ ಒಬ್ಬ ಉಸ್ತಾದ್ ಬೇಕಾಯ್ತಲ್ಲ!”

ಇದು ಸೋಮಾರಿತನವೂ ಅಲ್ಲ, ವೃದ್ಧಾಪ್ಯದ ದೌರ್ಬಲ್ಯವೂ ಅಲ್ಲ. ಕೀಲಿನೊಳಗೆ ನೀರು ತುಂಬಿ ಊದಿದಾಗ ಅಲ್ಲಿಂದ ಬೆನ್ನುಹುರಿಗೆ ಹೋಗುವ ಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವಿಗೆ ಬರುವ ಅಪ್ಪಣೆಯನ್ನು ತಡೆಹಿಡಿಯುವುವು. 1984ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರೋಗ್ಯವಂತ ಮಂಡಿಯೊಳಕ್ಕೆ 20-30 ಮಿಲಿಲೀಟರ್ ಉಪ್ಪುನೀರನ್ನು ಸೇರಿಸಿದ ಮಾತ್ರಕ್ಕೆ, ನೋವಿನ ಪ್ರಮೇಯವೇ ಇಲ್ಲದೆ, ಆ ಸ್ನಾಯುವಿನ ಒಳಬದಿಯ ಭಾಗ ಮಂದವಾಯಿತು. ಎರಡು ದೊಡ್ಡ ಚಮಚೆಯಷ್ಟು ನೀರು! ನೂರು ಬಸ್ಕಿಯ ತೊಡೆಯನ್ನು ಅಷ್ಟು ಕೆಡಹಬಲ್ಲುದೆಂದರೆ, ಊತವನ್ನಿಳಿಸಲು ಇಡುವ ಮಂಜುಗಡ್ಡೆಯ ಚೀಲಕ್ಕೆ ಆ ಕೊಠಡಿಯಲ್ಲಿ ಸಲ್ಲುವ ಗೌರವ ಹೆಚ್ಚಾಯಿತೆನ್ನಲಾಗದು.

ಈ ಮಲಗಿದ ತೊಡೆಯ ಬೆನ್ನುಹತ್ತಿಹೋದವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಥಾಮಸ್ ಡಿಲಾರ್ಮ್. ಎಳೆಯ ವಯಸ್ಸಿನಲ್ಲಿ ಸಂಧಿವಾತಜ್ವರದಿಂದ ಹಾಸಿಗೆ ಹಿಡಿದು, ಅನಂತರ ಭಾರ ಎತ್ತಿ ಎತ್ತಿಯೇ ದೇಹವನ್ನು ಪುನಃ ಕಟ್ಟಿಕೊಂಡಿದ್ದ ಈ ಅಮೆರಿಕದ ವೈದ್ಯ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಿಕಾಗೋ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿ, ಮಂಡಿಯ ಶಸ್ತ್ರಕ್ರಿಯೆಯಾದ ಯೋಧರ ಪಾದಕ್ಕೆ ಕಬ್ಬಿಣದ ಜೋಡನ್ನು ಪಟ್ಟಿಯಿಂದ ಬಿಗಿದು, ಅದಕ್ಕೆ ಕಬ್ಬಿಣದ ಬಿಲ್ಲೆಗಳನ್ನು ಸಿಕ್ಕಿಸಿ, ಕುಳಿತಲ್ಲಿಯೇ ಕಾಲನ್ನು ನೆಟ್ಟಗೆ ಎತ್ತಿಸಿದನು. ಹಗುರವಾಗಿ ಬಹಳ ಸಲ ಮಾಡಿಸುವ ಪದ್ಧತಿ ಆಗ ಪ್ರಚಲಿತವಾಗಿದ್ದಿತು. ಹೆಚ್ಚು ಭಾರವನ್ನು ಕಡಮೆ ಸಲ ಎತ್ತಬೇಕೆಂಬ ಅವನ ಲೇಖನ 1945ರಲ್ಲಿ ಬಂದಿತು. ಮೊದಲು ಒಟ್ಟು ಎಪ್ಪತ್ತರಿಂದ ನೂರು ಸಲ ಎತ್ತಲು ಹೇಳಿದ್ದವನು, 1948ರಲ್ಲಿ ವಾಟ್ಕಿನ್ಸ್ ಎಂಬ ವೈದ್ಯನ ಜೊತೆಗೂಡಿ, ಹತ್ತು ಸಲ ಎತ್ತಬಲ್ಲ ಗರಿಷ್ಠ ಭಾರದ ಅರ್ಧ, ಮುಕ್ಕಾಲು, ಪೂರ್ತಿ ಎಂದು ಮೂರು ಸುತ್ತಿಗೆ ಇಳಿಸಿದನು. ಆ ಜೋಡಿನ ಚಿತ್ರವನ್ನು ನಾನು ಪೈಲ್ವಾನರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, “ನಮ್ಮ ಗರಡೀಲಿ ಇದನ್ನು ಕತ್ತಿಗೆ ಕಟ್ತಿದ್ವಿ, ಕಲ್ಲಿಂದು” ಎಂದರು. ಕೊರಳಿಗೆ ಕಲ್ಲಿನ ಬಳೆ ಹಾಕಿಕೊಂಡು ಬಸ್ಕಿ ಹೊಡೆಯುವ ಪದ್ಧತಿಯನ್ನು ಕುರಿತು ಅವರು ಹೇಳಿದುದು ಸತ್ಯವೇ. ಭಾರ ಮಾತ್ರ ಪ್ರತಿ ಹೇಳಿಕೆಯಲ್ಲಿಯೂ ಏರುತ್ತಿದ್ದಿತು.

ಮೂಲೆಯಲ್ಲಿ ಕಾಲನ್ನು ತಾನೇ ಮಡಿಸಿ ಬಿಚ್ಚುವ ಯಂತ್ರವೂ ಒಂದಿತ್ತು. ಕೆನಡಾದ ರಾಬರ್ಟ್ ಸಾಲ್ಟರ್ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಪ್ರಚುರಪಡಿಸಿದ ತತ್ತ್ವದ ಫಲವದು. ಆದರೆ ಕೀಲು ಬದಲಾಯಿಸಿದವರಿಗೆ ಅದರಿಂದ ಗಣನೀಯವಾದ ಲಾಭವಿಲ್ಲವೆಂದೇ ಅನಂತರದ ಪರಿಶೀಲನೆಗಳು ತಿಳಿಸಿವೆ. ರೋಗಿ ಕಣ್ಣುಮುಚ್ಚಿ ಮಲಗಿರಲು ಯಂತ್ರ ದುಡಿಯುವುದನ್ನು ವ್ಯಾಯಾಮವೆನ್ನಲು ನನಗಂತೂ ಮನಸ್ಸೊಪ್ಪದು.

ಟವಲಿನ ನಂತರ ನೇರ ಕಾಲೆತ್ತುವುದು, ಬಳಿಕ ವಾಕರಿನ ನಡಿಗೆ, ಬಳಿಕ ಮೆಟ್ಟಿಲು. ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೊಂದ ಕಾಲು ಮುಂದೆ. ಪೈಲ್ವಾನರ ಚಿಂತೆಯೆಲ್ಲ ಬಸ್ಕಿಯದೇ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಆರಂಭಿಸಿದ ದಿನ ಅವರು ಅದನ್ನು ಗರಡಿಯ ಧಾಟಿಯಲ್ಲಿ ಗಟ್ಟಿಯಾಗಿ ಎಣಿಸುತ್ತ, ಕುರ್ಚಿಯ ಬದಲು ಮಣೆ ತರಿಸೆಂದು ಚಿಕಿತ್ಸೆಯ ಹುಡುಗಿಯೊಡನೆ ವಾದಕ್ಕಿಳಿದರು. ಸರ್ಜನ್ನರ ಅನುಮತಿಯಿಲ್ಲದೆ ಆಗದೆಂದು ಆಕೆ ಕುರ್ಚಿಯ ಮೇಲೆ ಇನ್ನೊಂದು ದಿಂಬನ್ನಿಟ್ಟಳು.