ಪಿಚ್‌ಗೆ ಹೋಗ್ತಿದ್ದೀರಾ? ಸುಲಿದ ಅಡಿಕೆ ಜೇಬಲ್ಲಿರಲಿ

ಕರ್ನಾಟಕ ಸರ್ಕಾರದ ‘ಎಲಿವೇಟ್’ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತೆ. ಸಾಲ ಅಲ್ಲ, ಕಂಪನಿಯಲ್ಲಿ ಪಾಲೂ ಕೇಳಲ್ಲ. ಆದರೆ ತೀರ್ಪುಗಾರರ ಮುಂದೆ ನಿಂತು ಪಿಚ್ ಮಾಡಬೇಕು.

ನಿಮ್ಮದು ಅಡಿಕೆ ಸುಲಿಯೋ ಯಂತ್ರ ಅಂದ್ಕೊಳ್ಳಿ. “ಭಾರತದ ಅಡಿಕೆ ಮಾರುಕಟ್ಟೆ ಬಹಳ ದೊಡ್ಡದು” ಅಂತ ಶುರು ಮಾಡ್ಬೇಡಿ, ಅದು ಅವರಿಗೆ ಗೊತ್ತು. ಶಿರಸಿ ಕಡೆಯ ಒಂದು ಅಂಗಳಕ್ಕೆ ಕರ್ಕೊಂಡು ಹೋಗಿ. ಕೊನೆಕೊಯ್ಲು ಮುಗಿದಿದೆ, ಹಸಿ ಅಡಿಕೆ ರಾಶಿ ಬಿದ್ದಿದೆ, ಮೆಟ್ಟುಗತ್ತಿ ಹಿಡಿದು ಕೂರೋಕೆ ಜನ ಸಿಗ್ತಿಲ್ಲ. ಸಕಾಲಕ್ಕೆ ಸುಲಿದು ಬೇಯಿಸದಿದ್ರೆ ದರ ಬೀಳುತ್ತೆ.

ಈಗ ಯಂತ್ರ ಓಡೋ ವಿಡಿಯೊ ಹಾಕಿ. ಅದರಲ್ಲಿ ಸುಲಿದ ಅಡಿಕೆಯನ್ನ ತೀರ್ಪುಗಾರರ ಕೈಗೇ ಕೊಡಿ. ಬ್ಲೇಡ್ ತಾಗಿ ಗಾಯವಾಗಿಲ್ಲ ಅಂತ ಅವರೇ ತಿರುಗಿಸಿ ನೋಡಲಿ.

ಲೆಕ್ಕ ಬಾಯಲ್ಲೇ ಇರಲಿ: ಯಂತ್ರದ ಬೆಲೆ, ಗಂಟೆಗೆ ಎಷ್ಟು ಕಿಲೋ, ದುಡ್ಡು ಕೊಟ್ಟು ತಗೊಂಡವರು ಎಷ್ಟು ಜನ. ನೆಂಟರಿಗೆ ಪುಕ್ಕಟೆ ಕೊಟ್ಟಿದ್ದನ್ನ ದಯವಿಟ್ಟು ಮಾರಾಟಕ್ಕೆ ಸೇರಿಸ್ಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರಿ.

ಸ್ಲೈಡ್‌ಗೆ ಸಿಲಿಕಾನ್ ವ್ಯಾಲಿ ಹೂಡಿಕೆದಾರ ಗೈ ಕವಾಸಕಿ ಸೂತ್ರ ಸಾಕು: 10 ಸ್ಲೈಡ್, 20 ನಿಮಿಷ, ಅಕ್ಷರ 30 ಪಾಯಿಂಟ್‌ಗಿಂತ ಚಿಕ್ಕದು ಬೇಡ.

ಹೋಗೋ ಮುಂಚೆ ಯಂತ್ರದ ಗಂಧಗಾಳಿ ಇಲ್ಲದ ಚಿಕ್ಕಮ್ಮನ ಮುಂದೆ ಒಮ್ಮೆ ಹೇಳಿ. ಅವರು ಎಲ್ಲಿ ತಡೆದು “ಅಂದ್ರೆ?” ಅಂತ ಕೇಳ್ತಾರೋ, ಆ ಸ್ಲೈಡ್ ಅವತ್ತೇ ತಿದ್ದಿ.